ಸಮಾನತೆಗೂ ಎಕ್ಸ್‌ಪೈರಿ ಡೇಟ್

ಅಮೆರಿಕದ ಸಂವಿಧಾನಕ್ಕೆ ಇದುವರೆಗೆ ಎಷ್ಟು ತಿದ್ದುಪಡಿ ಆಗಿದೆ? 27 ಅಂತ ಬರೆದವರಿಗೆ ಪೂರ್ತಿ ಅಂಕ. 28 ಅಂತ ಬರೆದವರೂ ಗಾಬರಿ ಬೀಳಬೇಡಿ, ನಿಮ್ಮ ಬೆನ್ನಿಗೆ ಒಬ್ಬ ಮಾಜಿ ಅಧ್ಯಕ್ಷರಿದ್ದಾರೆ. 2025ರ ಜನವರಿ 17ರಂದು, ಕುರ್ಚಿ ಬಿಡಲು ಮೂರು ದಿನ ಬಾಕಿ ಇರುವಾಗ, ಜೋ ಬೈಡನ್ ಅವರಿಗೆ ಹೆಂಗಸರ ನೆನಪಾಯಿತು. ಸಮಾನ ಹಕ್ಕುಗಳ ತಿದ್ದುಪಡಿ ಈ ನೆಲದ ಕಾನೂನಾಗಿದೆ ಅಂತ ಹೇಳಿಕೆ ಕೊಟ್ಟರು. ಪ್ರಕಟಿಸಬೇಕಾದದ್ದು ರಾಷ್ಟ್ರೀಯ ಪತ್ರಾಗಾರ. ಅದು ‘ಆಗಲ್ಲ’ ಅಂತ ಹಿಂದಿನ ತಿಂಗಳೇ ಹೇಳಿಬಿಟ್ಟಿತ್ತು. ಅಧ್ಯಕ್ಷರೂ ಪ್ರಕಟಿಸಿ ಅಂತ ಆದೇಶ ಕೊಡಲಿಲ್ಲ. ಹೀಗೆ ತಿದ್ದುಪಡಿ ಆಗಿದೆ, ಆದರೆ ಸಂವಿಧಾನದಲ್ಲಿಲ್ಲ. ಎಷ್ಟು ಅನುಕೂಲ ನೋಡಿ. ಹೆಂಗಸರಿಗೂ ಖುಷಿ, ಪುಸ್ತಕ ಹೊಸದಾಗಿ ಅಚ್ಚು ಹಾಕಿಸುವ ಖರ್ಚೂ ಇಲ್ಲ.

ಅಷ್ಟಕ್ಕೂ ಆ ತಿದ್ದುಪಡಿ ಕೇಳುವುದೇನು? ಹೆಣ್ಣು ಗಂಡು ಅನ್ನುವ ಕಾರಣಕ್ಕೆ ಯಾರ ಸಮಾನ ಹಕ್ಕನ್ನೂ ಸರ್ಕಾರ ಕಸಿಯಬಾರದು. ಇಂಗ್ಲಿಷ್‌ನಲ್ಲಿ 24 ಪದ. ಇದರ ಮೊದಲ ರೂಪವನ್ನು ಆಲಿಸ್ ಪಾಲ್ ಮುಂದಿಟ್ಟದ್ದು 1923ರಲ್ಲಿ. ಮತದಾನದ ಹಕ್ಕಿಗಾಗಿ ಶ್ವೇತಭವನದ ಗೇಟಿನ ಮುಂದೆ ಫಲಕ ಹಿಡಿದು ನಿಂತು, ಜೈಲಿಗೆ ಹೋಗಿ, ಉಪವಾಸ ಕೂತು, ಅಲ್ಲಿ ಬಲವಂತವಾಗಿ ನಳಿಗೆಯಲ್ಲಿ ಆಹಾರ ತುರುಕಿಸಿಕೊಂಡ ಹೆಂಗಸು ಆಕೆ. ಮತ ಸಿಕ್ಕ ಮೇಲೂ ಸುಮ್ನೆ ಮನೆಗೆ ಹೋಗಲಿಲ್ಲ. ಸಂಸತ್ತು ಆಕೆಯ ಮಾತನ್ನು ಒಪ್ಪಿದ್ದು 1972ರಲ್ಲಿ. ಒಪ್ಪುವಾಗ ಜೊತೆಗೊಂದು ಚೀಟಿ ಅಂಟಿಸಿತು: ಏಳು ವರ್ಷದೊಳಗೆ 38 ರಾಜ್ಯಗಳು ಅನುಮೋದಿಸಬೇಕು. ಈ ಗಡುವು ತಿದ್ದುಪಡಿಯ ಒಳಗಿಲ್ಲ, ಅದಕ್ಕೂ ಮುಂಚಿನ ಪೀಠಿಕೆಯಲ್ಲಿದೆ. ಎಕ್ಸ್‌ಪೈರಿ ಡೇಟ್ ಮಾತ್ರೆಗೋ ಡಬ್ಬಿಗೋ ಅಂತ ದೊಡ್ಡ ದೊಡ್ಡ ವಕೀಲರು ಇವತ್ತಿಗೂ ಜಗಳವಾಡುತ್ತಿದ್ದಾರೆ. ಮಾತ್ರೆಯನ್ನಂತೂ ಯಾರಿಗೂ ಕೊಟ್ಟಿಲ್ಲ.

ಹಾಗಾದರೆ 27ನೆಯ ತಿದ್ದುಪಡಿಗೆ ಎಷ್ಟು ಗಡುವು ಇತ್ತು? ಇರಲೇ ಇಲ್ಲ. ಅದರ ಕತೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಸಂಸದರು ಸಂಬಳ ಏರಿಸಿಕೊಂಡರೆ, ಮುಂದಿನ ಚುನಾವಣೆ ಮುಗಿಯುವವರೆಗೆ ಅದು ಜಾರಿಗೆ ಬರಬಾರದು ಅನ್ನುವ ತಿದ್ದುಪಡಿ ಅದು. ಜೇಮ್ಸ್ ಮ್ಯಾಡಿಸನ್ 1789ರಲ್ಲಿ ಮಂಡಿಸಿದ್ದು. ಸಾಕಷ್ಟು ರಾಜ್ಯಗಳು ಒಪ್ಪದೆ ಮೂಲೆಗೆ ಬಿತ್ತು. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ ‘ಇದಕ್ಕಿನ್ನೂ ಜೀವ ಇದೆ’ ಅಂತ ಪ್ರಬಂಧ ಬರೆದ. ‘ಸಿ’ ಗ್ರೇಡ್ ಬಂತು. ಹುಡುಗನಿಗೆ ಹಟ. ತನ್ನ ಜೇಬಿನ ದುಡ್ಡು ಹಾಕಿ ರಾಜ್ಯ ರಾಜ್ಯಕ್ಕೂ ಕಾಗದ ಬರೆದ. ಮೇನ್ ಒಪ್ಪಿತು, ಕೊಲರಾಡೊ ಒಪ್ಪಿತು, ಸಾಲಾಗಿ ಒಂದೊಂದೇ ರಾಜ್ಯ ಒಪ್ಪುತ್ತಾ ಬಂತು. 1992ರಲ್ಲಿ, ಹೊರಟು 202 ವರ್ಷವಾದ ಮೇಲೆ, ಅದು ಸಂವಿಧಾನ ಸೇರಿತು. ಅದೇ ಪತ್ರಾಗಾರ ಪ್ರಮಾಣಪತ್ರ ಕೊಟ್ಟಿತು. 2017ರಲ್ಲಿ ವಿಶ್ವವಿದ್ಯಾಲಯವೂ ಆ ‘ಸಿ’ಯನ್ನು ‘ಎ’ ಮಾಡಿತು. ಮಾರ್ಕ್ಸ್ ತಿದ್ದೋದಕ್ಕೂ ಅಲ್ಲಿ ಗಡುವಿಲ್ಲ!

ಹೆಂಗಸರ ತಿದ್ದುಪಡಿಯೂ ಮೊದಲ ವರ್ಷ ಜೋರಾಗೇ ಓಡಿತು. ಒಂದೇ ವರ್ಷದಲ್ಲಿ 30 ರಾಜ್ಯ. ಆಮೇಲೆ ಫಿಲಿಸ್ ಶ್ಲಾಫ್ಲಿ ಬಂದರು. ಹೆಣ್ಣಿಗೆ ಮನೆಯೇ ಸೊಗಸು ಅಂತ ಹೇಳಲು ಮನೆ ಬಿಟ್ಟು ದೇಶವೆಲ್ಲ ಸುತ್ತಿದ ಮಹಾತಾಯಿ. ಆರು ಮಕ್ಕಳು, ಎರಡು ಸಲ ಸಂಸತ್ ಚುನಾವಣೆಗೆ ಸ್ಪರ್ಧೆ, ಈ ಓಡಾಟದ ನಡುವೆಯೇ ಒಂದು ಕಾನೂನು ಪದವಿ. ಸಮಾನತೆ ಬಂದರೆ ಹೆಣ್ಣುಮಕ್ಕಳನ್ನು ಯುದ್ಧಕ್ಕೆ ಎಳೆದೊಯ್ಯುತ್ತಾರೆ, ಶೌಚಾಲಯ ಎಲ್ಲರಿಗೂ ಒಂದೇ ಆಗುತ್ತದೆ ಅಂತ ಅವರ ಬಳಗ ಹೆದರಿಸಿತು. ಶಾಸಕರಿಗೆ ಮನೆಯಲ್ಲೇ ಮಾಡಿದ ಬ್ರೆಡ್ಡು, ಜಾಮು ಹಂಚಿತು. ಒಂದು ದೇಶದ ಸಂವಿಧಾನವನ್ನು ಬ್ರೆಡ್ಡು ಜಾಮಿನಲ್ಲಿ ತಡೆಯಬಹುದು ಅಂತ ತೋರಿಸಿಕೊಟ್ಟವರಿಗೆ ಒಂದು ನಮಸ್ಕಾರ.

ಒಪ್ಪಿದ್ದ ಐದು ರಾಜ್ಯಗಳು ಒಪ್ಪಿಗೆ ವಾಪಸ್ ಪಡೆದವು. ಕೆಂಟಕಿಯಲ್ಲಂತೂ ಗವರ್ನರ್ ರಾಜ್ಯದಲ್ಲಿಲ್ಲದ ಹೊತ್ತು ನೋಡಿ ಉಪ ಗವರ್ನರ್ ಥೆಲ್ಮಾ ಸ್ಟೋವಾಲ್ ಆ ವಾಪಸಾತಿಯನ್ನೇ ವೀಟೋ ಮಾಡಿಬಿಟ್ಟರು. ಅದು ನಡೆಯುತ್ತೋ ಇಲ್ವೋ, ಆ ವ್ಯಾಜ್ಯವೂ ಜೀವಂತ. ನನಗಂತೂ ಆಯಮ್ಮ ತುಂಬಾ ಇಷ್ಟವಾದರು.

ಗಡುವನ್ನು 1982ರ ಜೂನ್ 30ಕ್ಕೆ ತಳ್ಳಿದರು. ಆ ವರ್ಷ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಏಳು ಹೆಂಗಸರು 37 ದಿನ ಬರೀ ನೀರು ಕುಡಿದುಕೊಂಡು ಕೂತರು. ಅಲ್ಲಿ ಬಹುಮತ ಸಾಲದು, ಐದರಲ್ಲಿ ಮೂರು ಪಾಲು ಮತ ಬೇಕು ಅನ್ನುವುದು ಆ ಸದನದ್ದೇ ನಿಯಮ. ನಿಯಮ ಬದಲಾಗಲಿಲ್ಲ, ತಿದ್ದುಪಡಿ ಬಿತ್ತು. ಇಲ್ಲಿ ನನಗೆ ನಗು ಬರುತ್ತಿಲ್ಲ. ಏಳು ಜನ ನಿತ್ರಾಣರಾಗಿ ಗಾಲಿಕುರ್ಚಿಯಲ್ಲಿ ಕೂತಿದ್ದಾರೆ, ಎದುರಿಗೆ ಕಾರ್ಯವಿಧಾನದ ಪುಸ್ತಕ ತಿರುವಿ ಹಾಕುತ್ತಿದ್ದಾರೆ. ಅದೇ ಇಲಿನಾಯ್ 36 ವರ್ಷ ಬಿಟ್ಟು, 2018ರಲ್ಲಿ, ಅನುಮೋದಿಸಿತು. ಆಗಲೂ ಅವೇ 24 ಪದ. ಹಾಗಾದರೆ ಆ 37 ದಿನ ಯಾಕೆ ಬೇಕಿತ್ತು? ಯಾರಾದರೂ ಹೇಳಿ.

2020ರ ಜನವರಿಯಲ್ಲಿ ವರ್ಜೀನಿಯಾ 38ನೆಯದಾಯಿತು. 1917ರಲ್ಲಿ ಮತ ಕೇಳಿದ ಹೆಂಗಸರನ್ನು ಒಯ್ದು ಬಡಿದಿದ್ದ ಒಕೊಕ್ವಾನ್ ಸೆರೆಮನೆ ಇದ್ದದ್ದು ಅದೇ ವರ್ಜೀನಿಯಾದ ನೆಲದಲ್ಲಿ. ಲೆಕ್ಕ ಭರ್ತಿ. ‘ಲೇಟಾಯ್ತಲ್ಲಮ್ಮ’ ಅಂತ ಕಾನೂನು ಇಲಾಖೆ ಮೊದಲೇ ಹೇಳಿಬಿಟ್ಟಿತ್ತು. ಇವರ ಲೇಟು ನೋಡಬೇಕಿದ್ದರೆ ಮಿಸಿಸಿಪ್ಪಿಗೆ ಹೋಗಿ. ಹೆಂಗಸರಿಗೆ ಮತ ಕೊಟ್ಟ 1920ರ ತಿದ್ದುಪಡಿಯನ್ನು ಆ ರಾಜ್ಯ ಅನುಮೋದಿಸಿದ್ದು 1984ರಲ್ಲಿ. ಅದನ್ನು ಯಾರೂ ಲೇಟು ಅನ್ನಲಿಲ್ಲ.

ಪ್ರಕಟಿಸಲ್ಲ ಅಂದ ಪತ್ರಾಗಾರದ ಮುಖ್ಯಸ್ಥರು ಕಾಲೀನ್ ಶೋಗನ್. ಆ ಹುದ್ದೆಗೆ ನೇಮಕವಾದ ಮೊದಲ ಮಹಿಳೆ. ನಿಯಮವೇ ಅಡ್ಡ ಇದೆ, ನಾನೇನು ಮಾಡಲಿ ಅನ್ನುವುದು ಅವರ ವಾದ. ಅಷ್ಟು ನಿಯಮಪಾಲನೆ ಮಾಡಿದವರನ್ನು 2025ರ ಫೆಬ್ರವರಿಯಲ್ಲೇ ಹೊಸ ಅಧ್ಯಕ್ಷ ಟ್ರಂಪ್ ಮನೆಗೆ ಕಳಿಸಿದರು. ಪತ್ರಾಗಾರದ ಹಂಗಾಮಿ ಹೊಣೆ ವಿದೇಶಾಂಗ ಸಚಿವ ಮಾರ್ಕೊ ರುಬಿಯೋ ಹೆಗಲಿಗೆ ಬಿತ್ತು. ಸಮಾನತೆ ಕೇಳಲು ಬಂದವರು ಅವರು ಯಾವ ದೇಶದಿಂದ ಯಾವಾಗ ವಾಪಸ್ ಬರುತ್ತಾರೆ ಅಂತ ಮೊದಲು ವಿಚಾರಿಸಿಕೊಳ್ಳಬೇಕಾಯಿತು.