ಶೇರ್ ಮಾಡುವ ಮುಂಚೆ ತಾರೀಕು ನೋಡಿ

"ಅರ್ಜೆಂಟ್! ಓ ನೆಗೆಟಿವ್ ರಕ್ತ ಬೇಕು. ಜಯನಗರದ ಆಸ್ಪತ್ರೆ. ದಯವಿಟ್ಟು ಎಲ್ಲರಿಗೂ ಕಳಿಸಿ."

ಇಂಥ ಮೆಸೇಜು ನಿಮ್ಮ ಫೋನಿಗೂ ಬಂದಿರುತ್ತದೆ. ತಾರೀಕಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಕೆಳಗಿನ ನಂಬರಿಗೆ ಫೋನ್ ಮಾಡಿದರೆ "ಅದು ಹೋದ ವರ್ಷದ್ದು ಸಾರ್, ಇನ್ನೂ ಫೋನ್ ಬರ್ತಾನೇ ಇದೆ" ಅನ್ನುತ್ತಾರೆ. ಕೆಲವು ಸಲ ರೋಗಿ ತೀರಿಕೊಂಡೇ ಹೋಗಿರುತ್ತಾರೆ. ಮನೆಯವರು ಫೋನ್ ಮಾಡಿದವರಿಗೆಲ್ಲ ಅದನ್ನೇ ಮತ್ತೆ ಮತ್ತೆ ಹೇಳಬೇಕು. ಯೋಚಿಸಿ ನೋಡಿ.

ಬೆಂಗಳೂರಿನಲ್ಲಿ ನೆಂಟರಿಷ್ಟರು ಹತ್ತಿರ ಇಲ್ಲದವರೇ ಜಾಸ್ತಿ. ಕಷ್ಟಕಾಲಕ್ಕೆ ಆಗುವುದು ಈ ಫೇಸ್‌ಬುಕ್, ವಾಟ್ಸಾಪ್ ಪರಿಚಯಗಳೇ. ಅದಕ್ಕೇ ಸರಿಯಾಗಿ ಹಂಚಿಕೊಳ್ಳುವುದನ್ನು ಕಲಿಯೋಣ ಅಂತ ಕೇಳಿಕೊಳ್ಳುತ್ತಿದ್ದೇನೆ.

ರಕ್ತ ಬೇಕಾದಾಗ ಇವತ್ತಿನ ತಾರೀಕು, ರಕ್ತದ ಗುಂಪು, ಎಷ್ಟು ಯೂನಿಟ್, ಯಾವ ಆಸ್ಪತ್ರೆ, ಎಷ್ಟು ಗಂಟೆಯೊಳಗೆ ಬೇಕು, ಇಷ್ಟನ್ನೂ ಬರೆಯಿರಿ. ರಕ್ತ ಸಿಕ್ಕ ಕೂಡಲೇ ಅದೇ ಪೋಸ್ಟನ್ನು ಎಡಿಟ್ ಮಾಡಿ, ಮೊದಲ ಸಾಲಲ್ಲೇ "ರಕ್ತ ಸಿಕ್ಕಿದೆ" ಎಂದು ಹಾಕಿ, ನಂಬರ್ ತೆಗೆದುಬಿಡಿ. ಬೇರೆಯವರ ಪೋಸ್ಟಾದರೆ ಸ್ಕ್ರೀನ್‌ಶಾಟ್ ಕಳಿಸಬೇಡಿ, ಮೂಲ ಪೋಸ್ಟನ್ನೇ ಶೇರ್ ಮಾಡಿ. ಅವರು ತಿದ್ದಿದ್ದು ಆಗ ಎಲ್ಲರಿಗೂ ಕಾಣುತ್ತದೆ. ಸ್ಕ್ರೀನ್‌ಶಾಟನ್ನು ಯಾರೂ ತಿದ್ದಲಾರರು, ಅದು ಊರೆಲ್ಲ ಸುತ್ತುತ್ತಲೇ ಇರುತ್ತದೆ. ಒಂದು ಸಲ ರಕ್ತ ಕೊಟ್ಟರೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಹಾಗಾಗಿ ಇವತ್ತು ಬಂದು ಕೊಡಬಲ್ಲವರು ಕೆಲವೇ ಜನ. ಅವರನ್ನು ಹಳೇ ಪೋಸ್ಟಿಗೆ ಓಡಾಡಿಸಿದರೆ ಮುಂದಿನ ಸಲ ನಿಜವಾದ ಕರೆ ಬಂದರೂ ಅವರು ನಂಬುವುದಿಲ್ಲ.

ನೋಡದೆ ಫಾರ್ವರ್ಡ್ ಮಾಡುವುದು ಎಲ್ಲಿಗೆ ಮುಟ್ಟುತ್ತದೆ ಅಂತ ನಮ್ಮೂರಿಗೆ ಗೊತ್ತು. 2012ರ ಆಗಸ್ಟ್‌ನಲ್ಲಿ, ಹಲ್ಲೆ ಆಗುತ್ತದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿ ಹೋದರು. 2018ರ ಮೇನಲ್ಲಿ ವಾಟ್ಸಾಪ್ ತುಂಬಾ ಮಕ್ಕಳ ಕಳ್ಳರ ಸುದ್ದಿ. ಕೆಲಸಕ್ಕೆಂದು ರಾಜಸ್ಥಾನದಿಂದ ಬಂದಿದ್ದ ಹುಡುಗನೊಬ್ಬನನ್ನು ಚಾಮರಾಜಪೇಟೆಯಲ್ಲಿ ಜನ ಹೊಡೆದು ಸಾಯಿಸಿದರು. ಅವತ್ತು ಆ ಮೆಸೇಜು ಕಳಿಸಿದವರಲ್ಲಿ ಬಹಳ ಜನ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರಬೇಕು. ನನಗೆ ಜಾಸ್ತಿ ಸಂಕಟ ಆಗುವುದು ಅದಕ್ಕೇ.

ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಕಂಡರೆ, ಆ ಮೆಸೇಜು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಲ್ಲೇ ನಿಲ್ಲಿಸಿ. ಫೋಟೋ ಮೇಲೆ ಅನುಮಾನ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ. ಎಷ್ಟೋ ಸಲ ಬೇರೆ ರಾಜ್ಯದ ಹಳೇ ಫೋಟೋ ಅಂತ ಅಲ್ಲೇ ಗೊತ್ತಾಗುತ್ತದೆ.

ಮಕ್ಕಳ ಫೋಟೋ ಹಾಕುವಾಗ ಯೂನಿಫಾರ್ಮ್, ಸ್ಕೂಲಿನ ಬೋರ್ಡು ಕಾಣದಂತೆ ನೋಡಿಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದರೆ ವಾಪಸ್ ಬಂದ ಮೇಲೆ ಫೋಟೋ ಹಾಕಿ. ಬೇರೆಯವರನ್ನು ಟ್ಯಾಗ್ ಮಾಡುವ ಮುಂಚೆ ಒಂದು ಮಾತು ಕೇಳಿ.

ಇನ್ನು ಸ್ನೇಹದ ವಿಷಯ. ಗೊತ್ತಿಲ್ಲದವರಿಗೆ ಸುಮ್ನೆ ರಿಕ್ವೆಸ್ಟ್ ಕಳಿಸಿ ಕೂರಬೇಡಿ. "ಮಲ್ಲೇಶ್ವರದ ಬಗ್ಗೆ ನೀವು ಬರೆದಿದ್ದನ್ನು ಓದಿದೆ, ನಾವೂ ಅಲ್ಲೇ ಇದ್ದೆವು" ಅಂತ ಇನ್‌ಬಾಕ್ಸ್‌ನಲ್ಲಿ ಎರಡು ಸಾಲು ಹಾಕಿ. ಯಾರಾದರೂ ಮನಸ್ಸಿಟ್ಟು ಬರೆದಿದ್ದರೆ, ಬರೀ "ಸೂಪರ್" ಅನ್ನದೆ ಯಾವ ಸಾಲು ಹಿಡಿಸಿತು ಅಂತ ಹೇಳಿ. ನಿಮ್ಮ ಪೋಸ್ಟಿಗೆ ಕಮೆಂಟ್ ಬಂದರೆ ಹೆಸರು ಹಿಡಿದು ಉತ್ತರ ಕೊಡಿ. ಕನ್ನಡ ಟೈಪ್ ಮಾಡುವುದು ಕಷ್ಟ ಅನ್ನುವ ಅಮ್ಮ, ಅತ್ತೆಯಂದಿರಿಗೆ ಕೀಬೋರ್ಡಿನ ಮೈಕ್ ಒತ್ತಿ ಮಾತಾಡುವುದನ್ನು ತೋರಿಸಿಕೊಡಿ. ಅವರ ಹತ್ತಿರ ಹೇಳುವುದಕ್ಕೆ ಎಷ್ಟೊಂದು ಇದೆ, ಅಲ್ವಾ?

ಮಾತು ಕುದುರಿದ ಮೇಲೆ ಭೇಟಿಗೂ ನೀವೇ ಕರೆಯಿರಿ. "ಒಂದು ದಿನ ಸಿಗೋಣ" ಅಂದರೆ ಆ ದಿನ ಬರುವುದೇ ಇಲ್ಲ. ಈ ಭಾನುವಾರ, ಬೆಳಿಗ್ಗೆ ಏಳಕ್ಕೆ, ಲಾಲ್‌ಬಾಗ್ ಅಂತ ಬರೆಯಿರಿ. ಯಾವ ಗೇಟ್ ಅನ್ನುವುದನ್ನೂ ಹೇಳಿಬಿಡಿ, ಅಲ್ಲಿ ನಾಲ್ಕು ಗೇಟಿವೆ.