ಲೆಟ್ಟಿಗೆ ಬಿದ್ದ ದೀರ್ಘ

ಮೈಸೂರಿನ ನಮ್ಮ ಮನೆಯ ಮಹಡಿ ಖಾಲಿಯಾದಾಗ ಗೇಟಿಗೆ ತೂಗುಹಾಕಲೆಂದು ಒಂದು ತಗಡಿನ ಬೋರ್ಡು ಬರೆಸಿದೆ. ‘ಮನೆ ಬಾಡಿಗೆಗಿದೆ’ ಎಂದೇ ಬರೆಸಬೇಕೆಂಬ ಆಸೆಯಿತ್ತು. ಆದರೆ ತಗಡು ಚಿಕ್ಕದು, ಅಕ್ಷರಕ್ಕಿಷ್ಟು ಎಂದು ದುಡ್ಡು ಕೇಳುವವನ ಲೆಕ್ಕ ದೊಡ್ಡದು. ಹೀಗಾಗಿ ಭಾಷಾಭಿಮಾನಕ್ಕೂ ಜೇಬಿಗೂ ರಾಜಿ ಮಾಡಿಸಿ, ಕನ್ನಡ ಲಿಪಿಯಲ್ಲಿ ‘ಟು ಲೆಟ್’ ಎಂದು ಚೀಟಿಯಲ್ಲಿ ಗೀಚಿಕೊಟ್ಟೆ. ಆತ ಹಳದಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಮುದ್ದಾಗಿ ಬರೆದು, ಅಂದಕ್ಕಿರಲಿ ಎಂಬಂತೆ ಎರಡು ಕಡೆಯೂ ದೀರ್ಘ ಎಳೆದಿದ್ದ: ‘ಟೂ ಲೇಟ್’.

ನಾನಿದನ್ನು ಗಮನಿಸಲಿಲ್ಲ. ತಾನೇ ಬರೆದುಕೊಟ್ಟದ್ದನ್ನು ಯಾರು ತಾನೇ ಓದುತ್ತಾರೆ? ಒಂದು ತಿಂಗಳ ಕಾಲ ಜನ ಗೇಟಿನವರೆಗೆ ಬಂದು, ತಲೆಯೆತ್ತಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಕೊನೆಗೊಬ್ಬ ಹುಡುಗ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಜಗಳಕ್ಕೇ ನಿಂತ: “ಮನೆ ಯಾರಿಗೋ ಕೊಟ್ಟಾಯ್ತಲ್ಲ ಸಾರ್, ಮತ್ಯಾಕೆ ತಡವಾಗಿ ಬಂದ್ರಿ ಅಂತ ಬೋರ್ಡು ಹಾಕಿ ಹೊಟ್ಟೆ ಉರಿಸ್ತೀರಿ?”

ಅದೇ ವಾರ ಮಗಳ ಪಾಸ್‌ಪೋರ್ಟು ಬಂದಿತು. ನನ್ನ ಭಾವನವರು ಕನ್ನಡಕ ಏರಿಸಿ, ರಾಷ್ಟ್ರಪತಿಯವರ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆಯನ್ನು ಗಟ್ಟಿಯಾಗಿ ಓದತೊಡಗಿದರು. ಈ ಪಾಸ್‌ಪೋರ್ಟು ಹೊಂದಿದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’, ಅಂದರೆ ಲೆಟ್ ಆಗಲಿ ಅಡ್ಡಿಯಾಗಲಿ ಇಲ್ಲದೆ, ಮುಕ್ತವಾಗಿ ಹೋಗಗೊಡಬೇಕು ಎಂಬಲ್ಲಿಗೆ ಬಂದವರೇ ತಡೆದು, “ಏನಯ್ಯಾ ಇದು, ಲೆಟ್ ಅಂದರೆ ಬಿಡು ಅಲ್ಲವೇ? ಬಿಡದೆ ಬಿಡಿ ಅಂತ ಬರೆದಿದ್ದಾರಲ್ಲ!” ಎಂದರು. ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂಬ ಹೆಸರು ನನ್ನದು. ಆ ಹೆಸರಿನ ಧೈರ್ಯದಲ್ಲೇ ಅಚ್ಚಿನ ತಪ್ಪೆಂದು ತೀರ್ಪಿತ್ತು, ಸರ್ಕಾರಕ್ಕೆ ಕಾಗದ ಬರೆಯುವುದಾಗಿಯೂ ಹೇಳಿಬಿಟ್ಟೆ. ಪುಣ್ಯಕ್ಕೆ ಬರೆಯುವ ಮೊದಲು ನಿಘಂಟು ತೆರೆದೆ.

ತಪ್ಪು ನನ್ನದೇ ಆಗಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂದರೆ ಬಿಡುವುದು, ‘ಲೆಟ್ಟನ್’ ಎಂದರೆ ತಡೆಯುವುದು. ಕಾಲಾಂತರದಲ್ಲಿ ಇವೆರಡೂ ಸವೆದು ಸವೆದು ‘ಲೆಟ್’ ಎಂಬ ಒಂದೇ ಮೂರಕ್ಷರದ ಸೂರಿನಡಿ ಬಂದು ನೆಲೆಸಿದವು. 1611ರ ಇಂಗ್ಲಿಷ್ ಬೈಬಲ್ ‘ಲೆಟ್ ದೇರ್ ಬಿ ಲೈಟ್’ ಎಂದು ಬೆಳಕನ್ನು ಬರಗೊಡುತ್ತದೆ. ಅದೇ ಗ್ರಂಥ, ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ತಡೆಯುತ್ತಿರುವವನು ತಡೆಯುತ್ತಲೇ ಇರುವನೆನ್ನಲು ‘ಹೂ ನೌ ಲೆಟೆತ್ ವಿಲ್ ಲೆಟ್’ ಎನ್ನುತ್ತದೆ. ಷೇಕ್ಸ್‌ಪಿಯರನ ನಾಟಕದ ರಾಜಕುಮಾರ ಹ್ಯಾಮ್ಲೆಟ್‌ನ ಪ್ರಸಂಗವಂತೂ ಇನ್ನೂ ಸೊಗಸು. ತಂದೆಯ ಪ್ರೇತ ಕೈಬೀಸಿ ಕರೆಯುತ್ತಿದೆ, ಗೆಳೆಯರು ಅವನನ್ನು ಹಿಡಿದು ನಿಲ್ಲಿಸಿದ್ದಾರೆ, ಅವನು ಕತ್ತಿ ಸೆಳೆದು ‘ನನ್ನನ್ನು ಲೆಟ್ ಮಾಡಿದವನನ್ನೂ ಪ್ರೇತ ಮಾಡಿಬಿಡುತ್ತೇನೆ’ ಎಂದು ಅಬ್ಬರಿಸುತ್ತಾನೆ. ಕಾಲೇಜಿನಲ್ಲಿ ಇದನ್ನು ಓದಿದಾಗ, ಹೋಗಲು ಬಿಟ್ಟವರನ್ನು ಕೊಲ್ಲುವೆನೆನ್ನುವ ಈ ರಾಜಕುಮಾರನಿಗೆ ನಿಜಕ್ಕೂ ಹುಚ್ಚೇ ಹಿಡಿದಿದೆಯೆಂದು ನಾನು ತೀರ್ಮಾನಿಸಿದ್ದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದೂ ಇದ್ದೆ. ಅಂಕಗಳ ವಿಷಯ ಇಲ್ಲಿ ಬೇಡ.

ತಡೆಯುವ ಲೆಟ್ ಈಗ ಮುದಿಯಾಗಿದೆ. ಪಾಸ್‌ಪೋರ್ಟಿನಂಥ ದಸ್ತಾವೇಜುಗಳಲ್ಲಿ ‘ಹಿಂಡ್ರೆನ್ಸ್’ನ ಹೆಗಲು ಹಿಡಿದು ನಡೆಯುತ್ತದೆ, ಟೆನಿಸಿನಲ್ಲಿ ಸರ್ವ್ ಮಾಡಿದ ಚೆಂಡು ಬಲೆ ಸವರಿ ಸರಿಯಾದ ಚೌಕದಲ್ಲಿ ಬಿದ್ದಾಗ, ಮತ್ತೆ ಹೊಡೆಯಿರೆಂದು ಹೇಳಲು ಒಮ್ಮೆ ಎದ್ದು ಬರುತ್ತದೆ. ಅದನ್ನು ‘ನೆಟ್’ ಎಂದೇ ಕೇಳಿಸಿಕೊಂಡು ಬೆಳೆದವರಲ್ಲಿ ನಾನೂ ಒಬ್ಬ.

ಆದರೆ ನಿಘಂಟಿನ ಮುಂದಿನ ಸಾಲು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಈ ‘ಲೆಟ್ಟನ್’ ಹುಟ್ಟಿದ್ದು ‘ಲ್ಯಾಟ್’ ಎಂಬ ಪದದಿಂದ. ‘ಲ್ಯಾಟ್’ ಎಂದರೆ ನಿಧಾನ, ಅದೇ ಇಂದಿನ ‘ಲೇಟ್’. ಲೇಟ್ ಮಾಡಿಸುವುದೇ ಲೆಟ್! ನಮ್ಮಲ್ಲಿ ತಡಕ್ಕೂ ತಡೆಗೂ ಇರುವ ನಂಟೇ ಅಲ್ಲೂ ಇದೆ. ಬಾಡಿಗೆಯ ಲೆಟ್ಟು ಬಿಡುವ ಲೆಟ್ಟೆಂಬುದು ನಿಜ. ಆದರೆ ಇನ್ನೂ ಆಳಕ್ಕಿಳಿದರೆ ಎರಡರ ಬೇರೂ ಸಡಿಲಬಿಡುವುದೆಂಬ ಒಂದೇ ಅರ್ಥಕ್ಕೆ ಹೋಗಿ ಸೇರುತ್ತದೆಯಂತೆ.

ಮರುದಿನ ಬೋರ್ಡು ಬರೆಯುವವನನ್ನು ಕರೆಸಿದೆ. ಬೈಯಬೇಕೆಂದೇ ಇದ್ದವನು ಉತ್ಸಾಹ ತಡೆಯಲಾರದೆ ಇಷ್ಟೂ ಕಥೆಯನ್ನು ಅವನಿಗೆ ಹೇಳಿದೆ. ಆತ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಾ ಶ್ರದ್ಧೆಯಿಂದ ಕೇಳಿಸಿಕೊಂಡ. “ಹಾಗಾದ್ರೆ ನಾನ್ ಬರೆದಿದ್ದು ತಪ್ಪೇನಲ್ಲ ಅಂತಾಯ್ತು ಸಾರ್” ಎಂದ, “ಅಳಿಸೋಕೆ ಬೇರೆ ಚಾರ್ಜಾಗುತ್ತೆ. ಎರಡು ದೀರ್ಘಕ್ಕೆ ನೂರು ರೂಪಾಯಿ.”