ಮೋಟರ್ ಎತ್ತಿಸೋ ಮುಂಚೆ ಫೇಸ್ ನೋಡಿ

ದೀಪಾವಳಿಗೆ ಚನ್ನಗಿರಿ ಹತ್ತಿರ ಇರುವ ಅಕ್ಕನ ಊರಿಗೆ ಹೋಗಿದ್ದೆ. ಬಸ್ಸಿಳಿದು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕನ ಮಗ ನನ್ನ ಬ್ಯಾಗು ಕಿತ್ತುಕೊಂಡ. ಕಾಫಿ ಕುಡಿಯಲೂ ಬಿಡದೆ ಮಹಡಿ ಮೇಲಿನ ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ.

"ಮಾಮ, ಅಪ್ಪನಿಗೆ ಹೇಳಬೇಡ. ಲ್ಯಾಪ್‌ಟಾಪ್ ಹೋಯ್ತು."

ಹೋದ ವರ್ಷ ಅಡಿಕೆ ಮಾರಿದ ದುಡ್ಡಲ್ಲಿ ಭಾವ ಕೊಡಿಸಿದ ಲ್ಯಾಪ್‌ಟಾಪ್ ಅದು. ಹತ್ತಿರ ಹತ್ತಿರ 80 ಸಾವಿರ. ರೈಜೆನ್ ಪ್ರೊಸೆಸರ್, ಜೊತೆಗೆ ಆಟದ ಚಿತ್ರ ಬಿಡಿಸಲು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಕಾರ್ಡ್. "ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಬೇಕೇ ಬೇಕು" ಅಂತ ಹಠ ಹಿಡಿದು ಕೊಡಿಸಿಕೊಂಡಿದ್ದ. ಈಗ "ಗೇಮ್ ಓಡ್ತಿಲ್ಲ" ಅಂತ ಯಾವ ಬಾಯಲ್ಲಿ ಹೇಳುತ್ತಾನೆ?

ತೊಂದರೆ ಇಷ್ಟೇ. ಮೊದಲು ಸೆಕೆಂಡಿಗೆ 90 ಫ್ರೇಮ್, ಅಂದರೆ 90 ಚಿತ್ರದ ವೇಗದಲ್ಲಿ ಓಡುತ್ತಿದ್ದ ಕಾರ್ ರೇಸ್ ಆಟ ಈಗ 20ರ ಆಸುಪಾಸಿನಲ್ಲಿ ಕುಂಟುತ್ತಿತ್ತು. ಹಾಸ್ಟೆಲಿನ ಗೆಳೆಯರೆಲ್ಲ ಸೇರಿ ವಿಡಿಯೋ ನೋಡಿ ಮೂರು ಸಲ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಹಾಕಲು ಹೋಗಿದ್ದರಂತೆ. ಮೂರು ಸಲವೂ ಇನ್‌ಸ್ಟಾಲರ್ ಅರ್ಧಕ್ಕೇ ನಿಂತು, ಇದಕ್ಕೆ ಹೊಂದುವ ಗ್ರಾಫಿಕ್ಸ್ ಹಾರ್ಡ್‌ವೇರ್ ಸಿಗಲಿಲ್ಲ ಅಂದಿತ್ತು. ದಾವಣಗೆರೆಯ ಒಂದು ರಿಪೇರಿ ಅಂಗಡಿಗೆ ಒಯ್ದರೆ ಅವರು ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ನೋಡಿದ್ದಾರೆ. ಅಲ್ಲಿ ಕಾರ್ಡಿನ ಹೆಸರೇ ಇಲ್ಲ. "ಚಿಪ್ ಸತ್ತಿದೆ. ಇದರಲ್ಲಿ ಚಿಪ್ ಬೋರ್ಡಿಗೇ ಕೂತಿರುತ್ತೆ, ಬೋರ್ಡೇ ಬದಲಾಯಿಸಬೇಕು. 32 ಸಾವಿರ ಆಗುತ್ತೆ" ಅಂದಿದ್ದಾರೆ. ಹುಡುಗ ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಅಂತ ಆಮೇಲೆ ಅಕ್ಕ ಹೇಳಿದಳು. ಯಾರನ್ನೋ ಪ್ರೀತಿ ಮಾಡುತ್ತಿದ್ದಾನೆ ಅಂತ ಅವಳು ಅಂದುಕೊಂಡಿದ್ದಳು!

ನಾನು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕೆಲಸದಲ್ಲೇ ಇರುವವನು. ಆದರೂ ಮೊದಲ ಒಂದು ಗಂಟೆ ಹುಡುಗರು ಮಾಡಿದ ತಪ್ಪನ್ನೇ ನಾನೂ ಮಾಡಿದೆ. ಸೇಫ್ ಮೋಡಿಗೆ ಹೋಗಿ ಹಳೆ ಡ್ರೈವರನ್ನು ಬೇರು ಸಮೇತ ಕಿತ್ತು ಹೊಸದಾಗಿ ಹಾಕಲು ಹೋದೆ. ಇನ್‌ಸ್ಟಾಲರ್ ಅದೇ ಮಾತು ಹೇಳಿತು. ಆಗ ಮಾತ್ರ, ಮೊದಲೇ ಮಾಡಬೇಕಿದ್ದ ಕೆಲಸ ನೆನಪಾಯಿತು. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಅಡಗಿರುವ ಡಿವೈಸ್‌ಗಳನ್ನು ತೋರಿಸು ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದೆ. ಆರ್‌ಟಿಎಕ್ಸ್ 4050 ಅಲ್ಲೇ ಇತ್ತು, ಮಸುಕು ಮಸುಕಾಗಿ. ತೆರೆದರೆ ಕೋಡ್ 45. ಈ ಹಾರ್ಡ್‌ವೇರ್ ಸದ್ಯ ಕಂಪ್ಯೂಟರಿಗೆ ಜೋಡಣೆಯಾಗಿಲ್ಲ ಅಂತ ಅದರ ಅರ್ಥ.

ಅಷ್ಟರಲ್ಲಿ ಊಟಕ್ಕೆ ಕರೆಯಲು ಭಾವ ಮೇಲೆ ಬಂದರು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಗೇಮಿನ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಒಳಗೆ ಎರಡು ಗ್ರಾಫಿಕ್ಸ್ ಚಿಪ್ ಇದೆ, ಪ್ರೊಸೆಸರ್ ಒಳಗೇ ಇರುವ ಚಿಕ್ಕದು ಕೆಲಸ ಮಾಡುತ್ತಿದೆ, ದೊಡ್ಡದು, ಅಂದರೆ ಆ ಕಾರ್ಡು, ಕಾಣುತ್ತಲೇ ಇಲ್ಲ, ಅಂಗಡಿಯವರು ಬೋರ್ಡ್ ಬದಲಾಯಿಸಿ ಅನ್ನುತ್ತಿದ್ದಾರೆ ಅಂತ.

ಭಾವ ಬಾಗಿಲಲ್ಲೇ ನಿಂತು ಕೇಳಿದರು. "ಅದಕ್ಕೆ ಕರೆಂಟ್ ಹೋಗ್ತಾ ಇದೆಯೋ ಇಲ್ವೋ ನೋಡಿದ್ರಾ?"

ತೋಟ ಮಾಡುವವರಿಗೆ ಈ ಪ್ರಶ್ನೆ ತಾನಾಗೇ ಬರುತ್ತದೆ. ಬೋರ್‌ವೆಲ್ ನೀರು ಕೊಡಲಿಲ್ಲ ಅಂತ ಯಾರೂ ಸೀದಾ ಲಾರಿ ಕರೆಸಿ ಮೋಟರ್ ಎತ್ತಿಸುವುದಿಲ್ಲ. ಮೊದಲು ಸ್ಟಾರ್ಟರ್ ಬಾಕ್ಸಿನ ಹತ್ತಿರ ಹೋಗುತ್ತಾರೆ. ಅಲ್ಲಿ ಮೂರು ಲೈಟ್ ಇರುತ್ತದೆ. ಕೆಂಪು, ಹಳದಿ, ನೀಲಿ. ಮೂರೂ ಉರಿದರೆ ತ್ರೀ ಫೇಸ್ ಬಂದಿದೆ ಅಂತ ಲೆಕ್ಕ. ಒಂದು ಆರಿದ್ದರೆ ಮೋಟರ್ ಸರಿಯಾಗೇ ಇದೆ, ಲೈನ್‌ಮನ್‌ಗೆ ಫೋನ್ ಮಾಡಿ ಅಂತ ಅರ್ಥ.

ನಾನು ಲ್ಯಾಪ್‌ಟಾಪ್ ಕಂಪನಿಯವರೇ ಹಾಕಿಕೊಟ್ಟಿದ್ದ ಕಂಟ್ರೋಲ್ ಆ್ಯಪ್ ತೆರೆದೆ. ಅಭಿಮಾನಕ್ಕೆ ಪೆಟ್ಟು ಬೀಳುವುದು ಅಂದರೆ ಇದೇ ನೋಡಿ. ಎರಡನೇ ಪುಟದಲ್ಲಿ ಬರೀ ಒಳಗಿನ ಗ್ರಾಫಿಕ್ಸ್ ಸಾಕು ಅನ್ನುವ ಆಯ್ಕೆ. ಪಕ್ಕದಲ್ಲಿ ಹಸಿರು ಎಲೆಯ ಚಿತ್ರ. ಅದು ಆನ್ ಆಗಿತ್ತು. ತಿಂಗಳ ಹಿಂದೆ ಲ್ಯಾಬಿನಲ್ಲಿ ಪ್ಲಗ್ ಸಿಗದೆ, ಬ್ಯಾಟರಿ ಉಳಿಯಲಿ ಅಂತ ಹುಡುಗನೇ ಒತ್ತಿ ಮರೆತಿದ್ದ. ಆ ಆಯ್ಕೆ ದೊಡ್ಡ ಚಿಪ್ಪಿನ ಕರೆಂಟನ್ನೇ ಕತ್ತರಿಸಿಬಿಡುತ್ತದೆ. ವಿಂಡೋಸ್ ಕಣ್ಣಿಗೆ ಆ ಕಾರ್ಡ್ ಕಿತ್ತು ಹೊರಗಿಟ್ಟ ಹಾಗೆ. ಡ್ರೈವರ್ ಇನ್‌ಸ್ಟಾಲರಿಗೂ ಅಷ್ಟೇ. ಅದು ಹಾರ್ಡ್‌ವೇರ್ ಸಿಗಲಿಲ್ಲ ಅಂದದ್ದು ಸುಳ್ಳೇನಲ್ಲ.

ಆಯ್ಕೆ ಬದಲಾಯಿಸಿ, ರೀಸ್ಟಾರ್ಟ್ ಮಾಡಿ, ಡ್ರೈವರ್ ಹಾಕಿದೆ. ಖರ್ಚು ಸೊನ್ನೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಂಥ ಲ್ಯಾಪ್‌ಟಾಪಿನ ಕೀಬೋರ್ಡಿಗೆ ಕಾಮನಬಿಲ್ಲಿನ ಲೈಟು ಕೊಡುತ್ತಾರೆ. ಕೆಂಪು, ಹಸಿರು, ನೀಲಿ ಮೂರಕ್ಕೂ 256 ಹಂತ. ಗುಣಿಸಿದರೆ 1 ಕೋಟಿ 67 ಲಕ್ಷ ಬಣ್ಣ. ಅಷ್ಟು ಬಣ್ಣದಲ್ಲಿ ಒಂದಾದರೂ ಬಣ್ಣ "ಈಗ ಯಾವ ಚಿಪ್ ಓಡುತ್ತಿದೆ" ಅಂತ ಹೇಳುವುದಿಲ್ಲ. ಭಾವನ ತೋಟದ ತುಕ್ಕು ಹಿಡಿದ ಸ್ಟಾರ್ಟರ್ ಬಾಕ್ಸ್ ಹೇಳುತ್ತದೆ. ಎಲ್ಲರೂ ಹೀಗೇ ಅಂತಲ್ಲ. ಎಂಎಸ್‌ಐ ಕಂಪನಿಯ ಹಲವು ಮಾಡೆಲ್‌ಗಳಲ್ಲಿ ಪವರ್ ಬಟನ್ನಿನ ಲೈಟು ಚಿಕ್ಕ ಚಿಪ್ ಓಡುವಾಗ ಬಿಳಿ, ದೊಡ್ಡದು ಓಡುವಾಗ ಕಿತ್ತಳೆ ಆಗುತ್ತದೆ. ಅಷ್ಟು ಸಾಕು ಸ್ವಾಮಿ. ಅದನ್ನು ಎಲ್ಲರೂ ಯಾಕೆ ಮಾಡಬಾರದು?

ಹಿಂದೆ ಇದು ಹೀಗಿರಲಿಲ್ಲ. 2006ರಲ್ಲಿ ಬಂದ ಸೋನಿ ವಾಯೋ ಎಸ್‌ಝಡ್ ಸರಣಿಯಲ್ಲಿ ಕೀಬೋರ್ಡ್ ಮೇಲ್ಗಡೆ ಒಂದು ನಿಜವಾದ ಸ್ವಿಚ್ ಇತ್ತು. ಒಂದು ಕಡೆ ಸ್ಟ್ಯಾಮಿನಾ, ಅಂದರೆ ಚಿಕ್ಕ ಚಿಪ್. ಇನ್ನೊಂದು ಕಡೆ ಸ್ಪೀಡ್, ಅಂದರೆ ದೊಡ್ಡದು. ಬದಲಾಯಿಸಿದರೆ ರೀಸ್ಟಾರ್ಟ್ ಮಾಡಬೇಕಿತ್ತು, ಅದು ರಗಳೆಯೇ. ಆದರೆ ಯಾವುದರಲ್ಲಿದ್ದೀರಿ ಅಂತ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಾಗುತ್ತಿತ್ತು. 2010ರಲ್ಲಿ ಎನ್‌ವಿಡಿಯಾ ಆಪ್ಟಿಮಸ್ ತಂತ್ರಜ್ಞಾನ ತಂದಿತು. ಸ್ವಿಚ್ಚು ಬೇಡ, ಡ್ರೈವರೇ ನೋಡಿ ನಿರ್ಧಾರ ಮಾಡುತ್ತದೆ. ಬ್ರೌಸರಿಗೆ ಚಿಕ್ಕದು, ಆಟಕ್ಕೆ ದೊಡ್ಡದು.

ಯೋಚನೆ ಚೆನ್ನಾಗೇ ಇದೆ, ನಾನು ಅದರ ವಿರುದ್ಧ ಇಲ್ಲ. ಆರ್‌ಟಿಎಕ್ಸ್ 4050 ಚಿಪ್ಪೊಂದೇ, ಕಂಪನಿ ಹೇಗೆ ಹೊಂದಿಸಿದೆ ಅನ್ನುವುದರ ಮೇಲೆ, 115 ವ್ಯಾಟ್‌ವರೆಗೂ ಎಳೆಯಬಹುದು. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಾಗಾಗಿ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಅದಕ್ಕಿಂತ ದೊಡ್ಡದು ಮಾಡುವವರಿಲ್ಲ. ಭಾಗಿಸಿ ನೋಡಿ. ದೊಡ್ಡ ಚಿಪ್ ಪೂರ್ತಿ ಓಡಿದರೆ ಬ್ಯಾಟರಿ ಒಂದು ಗಂಟೆಯೂ ಬರುವುದಿಲ್ಲ. ವರ್ಡ್ ಫೈಲ್ ತೆರೆಯುವುದಕ್ಕೆ ಅದನ್ನು ಎಬ್ಬಿಸುವುದು ಪಕ್ಕದ ಬೀದಿಯ ಅಂಗಡಿಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದ ಹಾಗೆ.

ನನ್ನ ಸಿಟ್ಟು ಏನಿದ್ದರೂ ಇದರ ಗುಟ್ಟಿನ ಮೇಲೆ. ಯಾವ ಚಿಪ್ ಓಡಬೇಕು ಅಂತ ಹೇಳುವ ಜಾಗಗಳನ್ನು ಎಣಿಸಿದೆ. ವಿಂಡೋಸ್‌ಗೂ ಮುಂಚೆ ಏಳುವ ಬಯಾಸ್‌ನಲ್ಲಿ ಒಂದು. ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ಒಂದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು. 2018ರ ಏಪ್ರಿಲ್ ಅಪ್‌ಡೇಟಿನಿಂದ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನ ಒಳಗೆ, ಗ್ರಾಫಿಕ್ಸ್ ಅನ್ನುವ ಪುಟದಲ್ಲಿ, ಪ್ರತಿ ಪ್ರೋಗ್ರಾಮಿಗೂ ಒಂದೊಂದು. ಕೆಲವು ಆಟಗಳ ಒಳಗೇ ಮತ್ತೊಂದು. ಒಂದೇ ಮನೆಯಲ್ಲಿ ಐದು ಜನ ಯಜಮಾನರು, ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲ. ಮೊದಲನೇ ಇಬ್ಬರು ಕರೆಂಟ್ ಕತ್ತರಿಸಿದ್ದರೆ ಉಳಿದ ಮೂವರಿಗೆ ಏನು ಹೇಳಿದರೂ ಪ್ರಯೋಜನ ಇಲ್ಲ. ಹಾಸ್ಟೆಲ್ ಹುಡುಗರು ಉಳಿದ ಮೂವರ ಹತ್ತಿರವೇ ಎರಡು ವಾರ ಗುದ್ದಾಡಿದ್ದರು.

ವಿಂಡೋಸ್ ಬದಲು ಲಿನಕ್ಸ್ ಬಳಸುವವರ ಪಾಡು ಇನ್ನೊಂದು ಕತೆ. ನಾನು ಅದನ್ನು ಅನುಭವಿಸಿದವನು. ಆಪ್ಟಿಮಸ್ ಬಂದ ಹೊಸದರಲ್ಲಿ ಲಿನಕ್ಸ್‌ಗೆ ಸರಿಯಾದ ಬೆಂಬಲವೇ ಇರಲಿಲ್ಲ. ಉತ್ಸಾಹಿಗಳೇ ಸೇರಿ ಬಂಬಲ್‌ಬೀ ಅಂತ ಒಂದು ಪ್ರಾಜೆಕ್ಟ್ ಮಾಡಿದರು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ಅಳಿಸುವ ಆಜ್ಞೆಯ ನಡುವೆ ಒಂದು ಖಾಲಿ ಜಾಗ ಜಾಸ್ತಿ ಬಿತ್ತು. ಒಂದೇ ಒಂದು ಸ್ಪೇಸ್. ಅದು ಸಣ್ಣ ಫೋಲ್ಡರ್ ಬದಲು, ಬಹುಪಾಲು ಪ್ರೋಗ್ರಾಂಗಳು ಇರುವ ಇಡೀ ಯುಎಸ್‌ಆರ್ ಡೈರೆಕ್ಟರಿಯನ್ನೇ ಗುಡಿಸಿ ಹಾಕುತ್ತಿತ್ತು. ಮರುವರ್ಷ ಫಿನ್‌ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾಗೆ ಕ್ಯಾಮೆರಾ ಮುಂದೆಯೇ ಮಧ್ಯದ ಬೆರಳು ತೋರಿಸಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಕಾರಣವಾದ ಸಭಿಕರ ಪ್ರಶ್ನೆ ಎದ್ದಿದ್ದೂ ಒಂದು ಆಪ್ಟಿಮಸ್ ಲ್ಯಾಪ್‌ಟಾಪಿನಿಂದಲೇ. ನನಗಂತೂ ಅವತ್ತು ಬಹಳ ಸಮಾಧಾನ ಆಗಿತ್ತು. ಈಗ ಪರಿಸ್ಥಿತಿ ಎಷ್ಟೋ ವಾಸಿ, ಅದನ್ನೂ ಹೇಳಬೇಕು.

ಮತ್ತೆ ಮಹಡಿ ರೂಮಿಗೆ ಬರೋಣ. ಕಾರ್ ರೇಸ್ ಸರಿಯಾಯಿತು. ಆದರೆ ಬೆಳಕು-ನೆರಳು ಚೆಂದ ಮಾಡುವ ಶೇಡರ್ ಹಾಕಿದ ಮೈನ್‌ಕ್ರಾಫ್ಟ್ ಇನ್ನೂ ಕುಂಟುತ್ತಿತ್ತು. ಹುಡುಗ ವಿಂಡೋಸ್ ಗ್ರಾಫಿಕ್ಸ್ ಪುಟದಲ್ಲಿ ಮೈನ್‌ಕ್ರಾಫ್ಟ್ ಲಾಂಚರನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿದ್ದ. ಆದರೆ ಲಾಂಚರ್ ಬರೀ ಬಾಗಿಲು ತೆಗೆಯುವವನು. ಜಾವಾ ಎಡಿಷನ್ನಿನಲ್ಲಿ ನಿಜವಾಗಿ ಚಿತ್ರ ಬಿಡಿಸುವುದು ಜಾವಾಡಬ್ಲ್ಯೂ ಅನ್ನುವ ಬೇರೆ ಪ್ರೋಗ್ರಾಂ. ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ಹಿಡಿದು, ಅದು ಇರುವ ಫೋಲ್ಡರ್ ತೆರೆದು, ಆ ಫೈಲನ್ನೇ ಪಟ್ಟಿಗೆ ಸೇರಿಸಿದ ಮೇಲೆ ಓಡಿತು. ಬೇರೆ ಆಟಗಳಲ್ಲೂ ಇದು ತುಂಬಾ ಜನ ಎಡವುವ ಜಾಗ.

ಇನ್ನೊಂದಕ್ಕೂ ಜನ ಸುಮ್ನೆ ಗಾಬರಿ ಆಗುತ್ತಾರೆ. ಡಿಸ್‌ಪ್ಲೇ ವಿವರ ನೋಡಿದರೆ ಸ್ಕ್ರೀನ್ ಚಿಕ್ಕ ಚಿಪ್ಪಿಗೆ ಜೋಡಿಸಿದೆ ಅಂತ ಬರುತ್ತದೆ. ಅದು ದೋಷ ಅಲ್ಲ. ಇಂಥ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನಿನ ವೈರ್ ಹೋಗುವುದೇ ಚಿಕ್ಕ ಚಿಪ್ಪಿಗೆ. ದೊಡ್ಡದು ಅಡುಗೆ ಮಾಡುತ್ತದೆ, ಚಿಕ್ಕದು ಬಡಿಸುತ್ತದೆ. ಪ್ರತಿ ಫ್ರೇಮನ್ನೂ ಹೀಗೆ ದಾಟಿಸುವುದರಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಅಷ್ಟೇ. ಮಕ್ಸ್ ಸ್ವಿಚ್ ಇರುವ ಲ್ಯಾಪ್‌ಟಾಪ್ ಆದರೆ ದೊಡ್ಡ ಚಿಪ್ಪನ್ನೇ ನೇರ ಸ್ಕ್ರೀನಿಗೆ ಜೋಡಿಸಬಹುದು. ಕೊಳ್ಳುವಾಗ ಕೀಬೋರ್ಡ್ ಲೈಟು ನೋಡುವ ಬದಲು ಇದನ್ನು ಕೇಳಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ದೊಡ್ಡ ಚಿಪ್ಪಿಗೇ ನೇರ ಹೋಗಿರುತ್ತದೆ. ಹಾಗಾಗಿ ಮನೆಯ ಟಿವಿಗೆ ಹಾಕಿ ನೋಡುವುದೂ ಒಂದು ಒಳ್ಳೆ ಪರೀಕ್ಷೆ.

ಚಾರ್ಜರ್ ವಿಷಯ ಬಿಟ್ಟೆ. ಜೊತೆಗೆ ಬಂದ ಇಟ್ಟಿಗೆಯಂಥ ಅಡಾಪ್ಟರ್ 200 ವ್ಯಾಟಿನದು. ಭಾರ ಅಂತ ಅದನ್ನು ಹಾಸ್ಟೆಲಿನಲ್ಲಿ ಬಿಟ್ಟು, 65 ವ್ಯಾಟಿನ ಟೈಪ್-ಸಿ ಚಾರ್ಜರ್ ತಂದಿದ್ದ. ಅದರಲ್ಲಿ ದೊಡ್ಡ ಚಿಪ್ ಎದ್ದರೂ ಅರ್ಧ ಹೊಟ್ಟೆಯಲ್ಲೇ ಕೆಲಸ ಮಾಡುತ್ತದೆ. 50 ಫ್ರೇಮ್ ದಾಟಲಿಲ್ಲ. ಹಾಸ್ಟೆಲಿಗೆ ಹೋದ ಮೇಲೆ ನೋಡಿಕೋ ಅಂದೆ.

ಹಾಗಂತ ಎಲ್ಲದಕ್ಕೂ ಸೆಟ್ಟಿಂಗೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರ್ಡಿನ ಹೆಸರು ಕಾಣುತ್ತಿದ್ದು ಪಕ್ಕದಲ್ಲಿ ಹಳದಿ ಗುರುತು, ಒಳಗೆ ಕೋಡ್ 43 ಇದ್ದರೆ ಸ್ವಲ್ಪ ಗಂಭೀರ. ಹಳೆ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ, ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೂ ಅದೇ ಬಂದರೆ ಚಿಪ್ ನಿಜವಾಗಿ ಹೋಗಿರಬಹುದು. ಕೋಡ್ 22 ಬಂದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ ಅಂತ, ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಮುಗಿಯಿತು. ಏನೇ ಆಗಲಿ, ಬೋರ್ಡಿಗೆ ದುಡ್ಡು ಕೊಡುವ ಮುಂಚೆ ಆ ಕೋಡ್ ಎಷ್ಟು ಅಂತ ಅಂಗಡಿಯವರನ್ನು ಕೇಳಿ. ವಾರಂಟಿ ಇದೆಯಾ ಅಂತಲೂ ನೋಡಿ. ನಮ್ಮ ಹುಡುಗ ಆ ಗಾಬರಿಯಲ್ಲಿ ಅದನ್ನೂ ನೋಡಿರಲಿಲ್ಲ.

ಕೊನೆಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡೆಸ್ಕ್‌ಟಾಪ್ ಮೆನುವಿನಲ್ಲಿ ಒಂದು ಟಿಕ್ ಹಾಕಿಕೊಟ್ಟೆ. ಗಡಿಯಾರದ ಪಕ್ಕ ಒಂದು ಪುಟ್ಟ ಐಕಾನ್ ಬರುತ್ತದೆ. ದೊಡ್ಡ ಚಿಪ್ ಕೆಲಸ ಮಾಡುವಾಗ ಬಣ್ಣ ತುಂಬಿಕೊಳ್ಳುತ್ತದೆ, ಒತ್ತಿದರೆ ಯಾವ ಯಾವ ಪ್ರೋಗ್ರಾಂ ಅದನ್ನು ಬಳಸುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ನಾನು ಕೇಳುತ್ತಿದ್ದ ಲೈಟು ಇದೇ. ಮೆನುವಿನ ಒಳಗೆ ಆಫ್ ಮಾಡಿ ಇಟ್ಟಿದ್ದಾರೆ.

"ನೋಡಿ ಭಾವ, ಈಗ ಲೈಟು ಬಂತು" ಅಂದೆ. ಭಾವ ನೋಡಲಿಲ್ಲ. ತೋಟದಲ್ಲಿ ತ್ರೀ ಫೇಸ್ ಬರುವ ಹೊತ್ತಾಗಿತ್ತು, ಟಾರ್ಚ್ ಹುಡುಕುತ್ತಿದ್ದರು. ಮೆಟ್ಟಿಲಿಳಿಯುತ್ತಾ ಮಗನಿಗೆ ಹೇಳಿದರು, "ಪ್ರಾಜೆಕ್ಟಲ್ಲಿ ಕಾರ್ ಚೆನ್ನಾಗಿ ಓಡುತ್ತೆ ಬಿಡು."

ಮಾರನೇ ದಿನ ಹುಡುಗ ದಾವಣಗೆರೆಯ ಅಂಗಡಿಗೆ ಫೋನ್ ಮಾಡಿ, ಬೋರ್ಡ್ ಬೇಡ, ಸರಿಯಾಯ್ತು ಅಂದ. ಸ್ಪೀಕರ್ ಹಾಕಿದ್ದ, ನಾನೂ ಪಕ್ಕದಲ್ಲೇ ಇದ್ದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಹೌದಾ? ಆ ಆಪ್ಷನ್ ಎಲ್ಲಿದೆ, ಒಂದು ಸ್ಕ್ರೀನ್‌ಶಾಟ್ ಕಳಿಸ್ತೀಯಾ? ಅದೇ ಮಾಡೆಲ್ ಇನ್ನೊಂದು ಟೇಬಲ್ ಮೇಲಿದೆ, ನಾಳೆ ಬೋರ್ಡ್ ಆರ್ಡರ್ ಹಾಕೋನಿದ್ದೆ."